ಇಲೊಯಿಲೊದಲ್ಲಿ ಚೆನ್ನಾಗಿ ಉಣ್ಣುವ ಸೂತ್ರಗಳು

ಫಿಲಿಪೈನ್ಸ್ ಎಂದರೆ ನಮ್ಮವರು ಮನಿಲಾ, ಸೆಬು, ಬೊರಾಕೆ ಬೀಚು ಎಂದು ಮೂರು ಹೆಸರು ಹೇಳಿ ಸುಮ್ಮನಾಗುತ್ತಾರೆ. ಊಟದ ಚಪಲ ಇದ್ದವರು ಹೋಗಬೇಕಾದ್ದು ಪನಾಯ್ ದ್ವೀಪದ ಇಲೊಯಿಲೊ ನಗರಕ್ಕೆ. 2023ರ ಅಕ್ಟೋಬರ್ 31ರಂದು ಯುನೆಸ್ಕೊ ತನ್ನ ಸೃಜನಶೀಲ ನಗರಗಳ ಜಾಲಕ್ಕೆ ಈ ಊರನ್ನು ಪಾಕಶಾಸ್ತ್ರದ ನಗರವೆಂದು ಸೇರಿಸಿಕೊಂಡಿತು. ಆ ದೇಶದಲ್ಲಿ ಅಂಥ ಮನ್ನಣೆ ಪಡೆದ ಮೊದಲ ಊರು ಇದು. ಅದೇ ದಿನ ನಮ್ಮ ಪಕ್ಕದ ಕೋಯಿಕ್ಕೋಡಿಗೆ ಸಾಹಿತ್ಯ ನಗರಿಯ ಪಟ್ಟ ಸಿಕ್ಕಿತು ಎಂಬುದು ನೆನಪಿರಬಹುದು.

2020ರ ಜನಗಣತಿಯ ಪ್ರಕಾರ ಇಲ್ಲಿನ ಜನಸಂಖ್ಯೆ ಸುಮಾರು 4.57 ಲಕ್ಷ. ನಮ್ಮ ಲೆಕ್ಕದಲ್ಲಿ ದೊಡ್ಡ ಊರೇನಲ್ಲ, ಆದರೆ ಬೆಳೆಯುವ ರಭಸ ಜೋರಾಗಿದೆ. 2007ರಲ್ಲಿ ವಿಮಾನ ನಿಲ್ದಾಣ ಊರಾಚೆ ಹೋಯಿತು. ಹಳೆಯ ರನ್‌ವೇ ಇದ್ದ 72 ಹೆಕ್ಟೇರಿನಲ್ಲಿ ಈಗ ಕಾಲ್ ಸೆಂಟರು, ಹೋಟೆಲು, ಮಾಲು, ಸಾಲುಸಾಲು ರೆಸ್ಟೋರೆಂಟು. ಹೊಸಬರು ಟ್ಯಾಕ್ಸಿ ಹತ್ತಿ ನೇರ ಅಲ್ಲಿಗೇ ಹೋಗಿ, ಎಲ್ಲ ಊರಿನಲ್ಲೂ ಸಿಗುವುದನ್ನೇ ತಿಂದು ಬರುತ್ತಾರೆ. ಹಾಗಾಗಬಾರದು ಎಂದಾದರೆ ಮುಂದೆ ಓದಿ.

1. ಮೊದಲು ಹಳೆ ಪೇಟೆ, ಆಮೇಲೆ ಹೊಸ ಪೇಟೆ

ಇಲೊಯಿಲೊ ಹಲವು ಊರುಗಳು ಸೇರಿ ಆದ ನಗರ. ಹಾರೊ, ಮೋಲೊ, ಲಪಾಸ್, ಮಂಡುರ್ಯಾವ್, ಅರೆವಾಲೊ ಇವೆಲ್ಲ ಒಂದು ಕಾಲದಲ್ಲಿ ಬೇರೆ ಬೇರೆ ಪಟ್ಟಣಗಳು. ಇವತ್ತಿಗೂ ಅವುಗಳಿಗೆ ತಮ್ಮದೇ ಚರ್ಚು, ಚೌಕ, ಮಾರುಕಟ್ಟೆ ಇವೆ, ತಮ್ಮದೇ ತಿಂಡಿಯೂ ಇದೆ. ಲಪಾಸ್ ಬಾಚೊಯ್‌ಗೆ ಹೆಸರುವಾಸಿ. ಚೀನೀ ವ್ಯಾಪಾರಿಗಳು ನೆಲೆಸಿದ್ದ ಮೋಲೊದಲ್ಲಿ ಮಾಂಸದ ಹೂರಣ ತುಂಬಿದ ಕಡುಬುಗಳನ್ನು ತಿಳಿಸಾರಿನಲ್ಲಿ ತೇಲಿಬಿಡುವ ಪನ್ಸಿತ್ ಮೋಲೊ ಸಿಗುತ್ತದೆ. ಹಾರೊ ಬೇಕರಿಗಳ ಕೇರಿ. ಬೆಣ್ಣೆ ಸಕ್ಕರೆ ಸವರಿ ಎರಡನೇ ಸಲ ಸುಟ್ಟ ಬ್ರೆಡ್ಡಿನ ಬಿಸ್ಕೊಚೊ ಅಲ್ಲಿಯದು. ಅರೆವಾಲೊ ಕಡಲ ದಂಡೆಯಲ್ಲಿದೆ, ಅಲ್ಲಿ ಮೀನು, ಸಿಂಪಿ, ನಾಟಿಕೋಳಿ.

ಒಂದು ಹೊತ್ತಿನ ಊಟಕ್ಕೆ ಒಂದು ಪೇಟೆ ಇಟ್ಟುಕೊಳ್ಳಿ. ಓಡಾಟಕ್ಕೆ ಜೀಪ್ನಿ ಸಾಕು. ಹಿಂದೆ ಕೂತವರು ದುಡ್ಡನ್ನು ಮುಂದಿನವರ ಕೈಗೆ ಕೊಡುತ್ತಾರೆ, ಅದು ಕೈಯಿಂದ ಕೈಗೆ ದಾಟಿ ಡ್ರೈವರನ್ನು ಮುಟ್ಟುತ್ತದೆ, ಚಿಲ್ಲರೆಯೂ ಹಾಗೆಯೇ ವಾಪಸು ಬರುತ್ತದೆ. ಇಳಿಯುವಾಗ "ಲುಗಾರ್ ಲಾಂಗ್" ಎಂದರೆ ನಿಲ್ಲಿಸುತ್ತಾರೆ.

2. ಹೊತ್ತು ನೋಡಿ ಹೊರಡಿ

ನಮ್ಮ ಹಾಗೆ ರಾತ್ರಿ ಒಂಬತ್ತೂವರೆಗೆ ಊಟಕ್ಕೆ ಹೊರಟರೆ ಕೆಟ್ಟಿರಿ. ಮಧ್ಯಾಹ್ನದ ಊಟ ಹನ್ನೊಂದೂವರೆಗೆ ಶುರು, ರಾತ್ರಿಯದು ಆರೂವರೆ ಏಳಕ್ಕೆ. ಖಾನಾವಳಿಗಳಲ್ಲಿ ಬೆಳಗ್ಗೆ ಮಾಡಿದ ಪದಾರ್ಥ ಖಾಲಿಯಾದರೆ ಮುಗಿಯಿತು, ಮತ್ತೆ ಒಲೆ ಹಚ್ಚುವುದಿಲ್ಲ. ಸಂಜೆ ಮೂರು ನಾಲ್ಕರ ತಿಂಡಿ ಹೊತ್ತಿಗೆ ಅಲ್ಲಿ ಮೆರಿಯೆಂಡಾ ಎನ್ನುತ್ತಾರೆ, ಅದನ್ನು ಯಾರೂ ತಪ್ಪಿಸುವುದಿಲ್ಲ. ಅಕ್ಕಿಯ ಸಿಹಿಗಳೆಲ್ಲ ಹೊರಬರುವುದು ಆಗಲೇ. ಭಾನುವಾರ ಮಧ್ಯಾಹ್ನ ಮನೆಮಂದಿಯೆಲ್ಲ ಹೋಟೆಲಿಗೆ ಬರುವ ದಿನ, ಮೇಜು ಸಿಗುವುದು ಕಷ್ಟ. ಈಸ್ಟರ್‌ಗೆ ಮುಂಚಿನ ಗುರುವಾರ, ಶುಕ್ರವಾರ ಬಹಳಷ್ಟು ಅಂಗಡಿ ಬಾಗಿಲು ಹಾಕಿರುತ್ತವೆ. ಆ ವಾರ ಹೋಗಲೇಬೇಡಿ.

3. ಬಾಚೊಯ್ ತಿನ್ನುವುದಾದರೆ ಲಪಾಸ್ ಮಾರುಕಟ್ಟೆಯಲ್ಲೇ ತಿನ್ನಿ

ಮಾಂಸಾಹಾರಿಗಳಿಗೆ ಹೇಳುತ್ತಿದ್ದೇನೆ, ಅದರಲ್ಲೂ ಹಂದಿಮಾಂಸ ಆಗುತ್ತದೆ ಎನ್ನುವವರಿಗೆ. ಉಳಿದವರು ನಾಲ್ಕನೆಯದಕ್ಕೆ ಹಾರಬಹುದು.

ಬಾಚೊಯ್ ಈಗ ಫಿಲಿಪೈನ್ಸಿನ ಎಲ್ಲ ಕಡೆ ಸಿಗುತ್ತದೆ, ಪ್ಲಾಸ್ಟಿಕ್ ಕಪ್ಪಿನ ದಿಢೀರ್ ನೂಡಲ್ಸ್ ರೂಪದಲ್ಲೂ ಸಿಗುತ್ತದೆ. ಆದರೆ ಹುಟ್ಟಿದ್ದು ಲಪಾಸ್ ಮಾರುಕಟ್ಟೆಯಲ್ಲಿ. ಮೊದಲು ಮಾಡಿದವರು ಯಾರು ಎಂಬ ತಗಾದೆ ಇನ್ನೂ ಬಗೆಹರಿದಿಲ್ಲ. ಫೆಡೆರಿಕೊ ಗಿಲ್ಯೆರ್ಗನ್ ಎಂಬವರು 1930ರ ದಶಕದಲ್ಲೇ ಮಾಡಿದ್ದರು ಎಂಬುದು ಒಂದು ವಾದ. ಟೆಡ್ಸ್ ಅಂಗಡಿಯವರು 1945ರಿಂದ ತಮ್ಮ ಲೆಕ್ಕ ಹೇಳುತ್ತಾರೆ. ನೆಟೊಂಗ್ಸ್, ಡೆಕೊಸ್ ಎಂಬ ಹೆಸರುಗಳಿಗೂ ಅವರವರ ಭಕ್ತರಿದ್ದಾರೆ. ನನ್ನ ಮತ ಮಾರುಕಟ್ಟೆಯ ಒಳಗಿನ ಅಂಗಡಿಗೆ. ಕಾರಣ ಸರಳ: ಅಲ್ಲಿ ಅಡುಗೆ ಕಣ್ಣೆದುರೇ ನಡೆಯುತ್ತದೆ.

ನಿಂತು ನೋಡಿ. ಹಳದಿ ನೂಡಲ್ಸನ್ನು ಜರಡಿಯಲ್ಲಿ ಕುದಿನೀರಿಗೆ ಅದ್ದಿ ತೆಗೆದು ಬಟ್ಟಲಿಗೆ ಹಾಕುತ್ತಾರೆ. ಮೇಲೆ ತೆಳ್ಳಗೆ ಹೆಚ್ಚಿದ ಹಂದಿಮಾಂಸ, ಈಲಿ, ಗುಂಡಿಗೆಯ ಚೂರುಗಳು. ಅದರ ಮೇಲೆ ಹುರಿದ ಹಂದಿ ಚರ್ಮದ ಪುಡಿ, ಕೆಂಪಗೆ ಕರಿದ ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು. ಕೊನೆಗೆ ಮೂಳೆ ಕುದಿಸಿದ ಸಾರನ್ನು ದೊಡ್ಡ ಸೌಟಿನಲ್ಲಿ ಮೊಗೆದು ಸುರಿದು, ಮಜ್ಜೆಯ ಒಂದು ಉಂಡೆ ಇಡುತ್ತಾರೆ. ಬೇಕೆಂದವರಿಗೆ ಹಸಿ ಮೊಟ್ಟೆ ಒಡೆದು ಬಿಡುತ್ತಾರೆ. ಅದು ಸಾರಿನ ಬಿಸಿಗೇ ಬೇಯುತ್ತದೆ.

ಸೂತ್ರ ಇಷ್ಟೇ: ಬಟ್ಟಲು ಬಂದ ಕೂಡಲೇ ಸೋಯಾ ಸಾಸು, ಮೆಣಸು ಸುರಿಯಬೇಡಿ. ಮೊದಲ ಎರಡು ಚಮಚ ಬರೀ ಸಾರು ಕುಡಿಯಿರಿ. ಸಾರು ಅರ್ಧಕ್ಕೆ ಇಳಿದಾಗ ಇನ್ನಷ್ಟು ಕೇಳಿ. ಹಳೆಯ ಅಂಗಡಿಗಳಲ್ಲಿ ಅದಕ್ಕೆ ಬೇರೆ ಕಾಸು ತೆಗೆದುಕೊಳ್ಳುವುದಿಲ್ಲ. ಜೊತೆಗೆ ಅಕ್ಕಿಯ ಪೂತೊ ಅಥವಾ ಪುಟ್ಟ ಬನ್ನು ತೆಗೆದುಕೊಂಡು ಅದ್ದಿ ತಿನ್ನುವುದು ಅಲ್ಲಿನ ರೂಢಿ. ತಿಂದಾದ ಮೇಲೆ ಅದೇ ಮಾರುಕಟ್ಟೆಯ ಮ್ಯಾಜ್ ಕೆಫೆಯಲ್ಲಿ ಕಾಫಿ. ಪೇಟೆಯ ಮುದುಕರು, ರಾಜಕಾರಣಿಗಳು, ಮೀನು ಮಾರುವವರು ಒಂದೇ ಬೆಂಚಿನಲ್ಲಿ ಕೂರುವ ಜಾಗ. ಕಾಫಿ ಕಡು ಕಪ್ಪಾಗಿರುತ್ತದೆ. ನಮ್ಮ ಫಿಲ್ಟರ್ ಕಾಫಿ ಜೊತೆ ಹೋಲಿಸಲು ಹೋಗಬೇಡಿ, ಇಬ್ಬರಿಗೂ ಅನ್ಯಾಯ.

4. ಸಸ್ಯಾಹಾರಿಗಳು ಮೆನು ನಂಬಬೇಡಿ, ತರಕಾರಿ ಸಾಲು ನಂಬಿ

ಇಲ್ಲಿ "ವೆಜಿಟೆಬಲ್" ಎಂದು ಬರೆದ ಪದಾರ್ಥದಲ್ಲಿ ಸೀಗಡಿ ಇರಬಹುದು, ಹಂದಿಯ ಚೂರು ಇರಬಹುದು. ಏನೂ ಕಾಣದಿದ್ದರೂ ಗಿನಮೊಸ್ ಎಂಬ ಹುದುಗಿಸಿದ ಸೀಗಡಿಯ ಗೊಜ್ಜು ಇದ್ದೇ ಇರುತ್ತದೆ. ಮೋಸ ಮಾಡಬೇಕೆಂದಲ್ಲ. ನಾವು ಇಂಗು ಹಾಕಿದ್ದನ್ನು ಹೇಗೆ ಬೇರೆಯಾಗಿ ಹೇಳುವುದಿಲ್ಲವೋ ಅವರಿಗೆ ಇದೂ ಹಾಗೆ. ದಾವಾವೊ ನಗರದಲ್ಲಿ ಡಾಕ್ಟರಿಕೆ ಓದುವ ಭಾರತೀಯ ವಿದ್ಯಾರ್ಥಿಗಳು ತುಂಬ ಇರುವುದರಿಂದ ಅಲ್ಲಿ ಅನ್ನ ಸಾರು ಹುಡುಕುವುದು ಸುಲಭ. ಇಲೊಯಿಲೊದಲ್ಲಿ ಅಂಥ ಭರವಸೆ ಇಟ್ಟುಕೊಂಡು ಹೋಗಬೇಡಿ.

ಹಾಗೆಂದು ನಿರಾಶೆಯೂ ಬೇಡ. ಯಾವುದಾದರೂ ಮಾರುಕಟ್ಟೆಯ ತರಕಾರಿ ಸಾಲಿನಲ್ಲಿ ನಡೆದು ನೋಡಿ. ಬಸಳೆ, ನುಗ್ಗೆಸೊಪ್ಪು, ಬೆಂಡೆ, ಸಿಹಿಗುಂಬಳ, ಕೆಸುವಿನ ಬಳ್ಳಿ, ಬಾಳೆದಿಂಡು, ಎಳೆ ಹಲಸು. ಕರಾವಳಿ ಮಲೆನಾಡಿನವರಿಗೆ ಯಾವುದರ ಹೆಸರೂ ಕೇಳಬೇಕಾಗಿಲ್ಲ. ಕಲಬುರಗಿ ಕಡೆಯವರಿಗೆ ಇನ್ನೊಂದು ಅಚ್ಚರಿ ಕಾದಿದೆ: ಇಲ್ಲಿನ ಜನರ ಪ್ರೀತಿಯ ಕಾಳು ತೊಗರಿ. ಕಡ್ಯೋಸ್ ಎನ್ನುತ್ತಾರೆ. ಅದರಲ್ಲೂ ಕಪ್ಪು ಬಣ್ಣದ ತಳಿ, ಬೇಳೆ ಒಡೆಯದೆ ಇಡೀ ಕಾಳನ್ನೇ ಬೇಯಿಸುತ್ತಾರೆ, ಸಾರಿಗೆ ನೇರಳೆ ಬಣ್ಣ ಬರುತ್ತದೆ. ತೊಗರಿ, ಹಂದಿಮಾಂಸ, ಎಳೆ ಹಲಸು ಸೇರಿದ ಸಾರು ಈ ಊರಿನ ಹೆಮ್ಮೆ. ಕೋಳಿ, ಬಾಳೆದಿಂಡು ಸೇರಿಸಿ ಮಾಡುವ ಇನ್ನೊಂದು ಬಗೆಯೂ ಇದೆ. ಹುಳಿಗೆ ಬಳಸುವುದು ಬಾತುವಾನ್ ಎಂಬ ಹಸಿರು ಕಾಯಿ. ಅದು ನಮ್ಮ ಪುನರ್ಪುಳಿ, ಉಪ್ಪಾಗೆಗಳ ಕುಲದ್ದೇ ಮರ. ಹುಣಿಸೆಯಷ್ಟು ಚುರುಕಿಲ್ಲ, ನಿಧಾನಕ್ಕೆ ಬರುವ ಹುಳಿ.

ಇಷ್ಟೆಲ್ಲ ಇರುವಾಗ ಕೇಳುವ ಕ್ರಮ ಗೊತ್ತಿರಬೇಕು. ಲಾಸ್ವಾ ಎಂಬ ತರಕಾರಿ ತಿಳಿಸಾರನ್ನು ಹೇಳಿ, "ವಾಲಾ ಕಾರ್ನೆ, ವಾಲಾ ಇಸ್ದಾ, ವಾಲಾ ಗಿನಮೊಸ್" ಎನ್ನಿ. ಮಾಂಸ ಬೇಡ, ಮೀನು ಬೇಡ, ಆ ಗೊಜ್ಜೂ ಬೇಡ ಎಂದು ಅರ್ಥವಾಗುತ್ತದೆ. ಮಾಡಿಟ್ಟದ್ದರಲ್ಲಿ ಆಗುವುದಿಲ್ಲ, ಹೊಸದಾಗಿ ಮಾಡಿಸಬೇಕು, ಇಪ್ಪತ್ತು ನಿಮಿಷ ಕಾಯಬೇಕು. ಜನಜಂಗುಳಿಯ ಹೊತ್ತಿನಲ್ಲಿ ಕೇಳಿದರೆ ಯಾರಿಗೂ ಪುರುಸೊತ್ತಿರುವುದಿಲ್ಲ, ಹತ್ತೂವರೆಗೇ ಹೋಗಿ ಹೇಳಿ.

ಬೀದಿಯಲ್ಲಿ ಯೋಚನೆಯಿಲ್ಲದೆ ತಿನ್ನಬಹುದಾದವು: ಬೆಲ್ಲದ ಪಾಕ, ಸಾಬೂದಾನಿ ಹಾಕಿ ಕೊಡುವ ಬಿಸಿ ಸೋಯಾ ಗಿಣ್ಣು ತಾಹೊ, ಸಕ್ಕರೆ ಪಾಕ ಅಂಟಿದ ಕರಿದ ಬಾಳೆಹಣ್ಣು, ಬೇಯಿಸಿದ ಜೋಳದ ತೆನೆ, ತೆಂಗಿನ ಗರಿಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿಯ ಇಬೋಸ್. ತಾಹೊ ಮಾರುವವರು ಹೆಗಲ ಮೇಲೆ ಅಡ್ಡೆ ಹೊತ್ತು ಕೂಗುತ್ತ ಬೆಳಗ್ಗೆಯೇ ಬರುತ್ತಾರೆ, ಎಂಟರ ಮೇಲೆ ಹುಡುಕಿದರೆ ಸಿಗುವುದು ಅದೃಷ್ಟ.

ಗೋಮಾಂಸ ತಿನ್ನದವರಿಗೆ ಒಂದು ಎಚ್ಚರಿಕೆ: ಹಲಸಿನಕಾಯಿ ಹಾಕಿದ ಹುಳಿ ಸಾರು ಎಂದು ಆಸೆಪಟ್ಟು ಕಾನ್ಸಿ ತರಿಸಬೇಡಿ. ಅದು ದನದ ಮೂಳೆಯ ಸಾರು.

5. ಖಾನಾವಳಿಯಲ್ಲಿ ಮುಚ್ಚಳ ಎತ್ತಿ ನೋಡಿ

ಕರಿಂದೆರಿಯಾ ಎಂಬ ಸಣ್ಣ ಖಾನಾವಳಿಗಳಲ್ಲಿ ಪಾತ್ರೆಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಮುಚ್ಚಳ ಎತ್ತಿ ನೋಡುವುದು ತಪ್ಪಲ್ಲ, ಅಲ್ಲಿನವರೂ ಹಾಗೇ ಮಾಡುತ್ತಾರೆ. ಯಾವ ಪಾತ್ರೆ ಅರ್ಧಕ್ಕಿಂತ ಖಾಲಿಯಾಗಿದೆಯೋ ಅದನ್ನು ಬೆರಳು ಮಾಡಿ ತೋರಿಸಿ. ಬಡಿಸುವ ಹಿರಿಯ ಹೆಂಗಸನ್ನು "ನಾಂಗ್", ಗಂಡಸನ್ನು "ನೊಂಗ್" ಎಂದು ಕರೆಯಿರಿ, ನಾವು ಅಕ್ಕ, ಅಣ್ಣ ಎನ್ನುವಂತೆಯೇ. ಕಿರಿಯ ಹುಡುಗಿಗೆ "ಇಂದಾಯ್", ಹುಡುಗನಿಗೆ "ತೊತೊ". ಒಮ್ಮೆ ಹಾಗೆ ಕರೆದು ನೋಡಿ, ಇವತ್ತು ಯಾವುದು ಚೆನ್ನಾಗಿದೆ ಎಂದು ಅವರೇ ಹೇಳುತ್ತಾರೆ.

6. ಸುಟ್ಟ ಕೋಳಿಗೆ ಕೈಯೇ ಸರಿ

ಇನಸಾಲ್ ಎಂದರೆ ಲಿಂಬೆಹುಲ್ಲು, ಪುಟ್ಟ ಕಲಮಾನ್ಸಿ ನಿಂಬೆ, ವಿನೆಗರು, ಬೆಳ್ಳುಳ್ಳಿಯಲ್ಲಿ ನೆನೆಸಿ, ರಂಗುಮಾಲೆ ಬೀಜದ ಕೆಂಪೆಣ್ಣೆ ಸವರುತ್ತ ಕೆಂಡದ ಮೇಲೆ ಸುಡುವ ಕೋಳಿ. ಇದರ ತವರು ತಾವೇ ಎಂದು ಎದುರಿನ ದ್ವೀಪದ ಬಕೊಲೊದ್ ಊರಿನವರು ಹೇಳುತ್ತಾರೆ. ಆ ಚರ್ಚೆಗೆ ಇಳಿಯದೆ ತಿನ್ನುವುದು ಜಾಣತನ. ಆದರೆ ಇದನ್ನು ದೇಶದ ತುಂಬ ಹರಡಿದ್ದು ಇಲೊಯಿಲೊದ ಒಂದು ಅಂಗಡಿ. ಎಡ್ಗರ್ ಸಿಯಾ ಎಂಬ ಇಪ್ಪತ್ತಾರರ ತರುಣ 2003ರಲ್ಲಿ ಇಲ್ಲಿನ ಒಂದು ಮಾಲಿನಲ್ಲಿ ಮಾಂಗ್ ಇನಸಾಲ್ ತೆರೆದರು. ಕೋಳಿಗೆ ಒಂದು ದರ, ಅನ್ನ ಎಷ್ಟು ಬೇಕಾದರೂ. ಆ ಲೆಕ್ಕಾಚಾರ ಎಷ್ಟು ಹಿಡಿಸಿತೆಂದರೆ 2010ರಲ್ಲಿ ಜೊಲಿಬೀ ಕಂಪನಿ 70 ಶೇಕಡಾ ಪಾಲನ್ನು 300 ಕೋಟಿ ಪೆಸೊಗೆ ಕೊಂಡಿತು.

ಆ ಸರಪಳಿಯ ಅಂಗಡಿಗೆ ಒಮ್ಮೆ ಹೋಗಿ ಬನ್ನಿ, ತಪ್ಪೇನಿಲ್ಲ. ರುಚಿಗಾದರೆ ಕೆಂಡದ ಹೊಗೆ ಕಾಣುವ ಸಣ್ಣ ಜಾಗ ಹುಡುಕಿ. "ಪಾಆ" ಎಂದರೆ ಕಾಲು, "ಪೆಚೊ" ಎಂದರೆ ಎದೆ. ಕಾಲನ್ನೇ ಕೇಳಿ, ಎದೆ ಬೇಗ ಒಣಗುತ್ತದೆ. ಕೈ ತೊಳೆದು ಬನ್ನಿ. ಸಣ್ಣ ತಟ್ಟೆಯಲ್ಲಿ ಸಿನಮಾಕ್, ಅಂದರೆ ಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ ಹಾಕಿಟ್ಟ ವಿನೆಗರು ಸುರಿದುಕೊಂಡು, ಸೋಯಾ ಸಾಸು ಬೆರೆಸಿ, ಎರಡು ಕಲಮಾನ್ಸಿ ಹಿಂಡಿ, ಒಂದು ಸೂಜಿಮೆಣಸು ಕಿವುಚಿ. ಬಿಸಿ ಅನ್ನದ ಮೇಲೆ ಕೆಂಪೆಣ್ಣೆ ಒಂದು ಚಮಚ. ನಾಟಿಕೋಳಿಯೇ ಬೇಕೆಂದರೆ ಅರೆವಾಲೊದ ಕಡಲ ಬದಿಯ ಟಾಟೊಯ್ಸ್ ಮನೊಕಾನ್‌ಗೆ ಹೋಗಿ. ಅಲ್ಲಿ ಕೋಳಿ ಗಟ್ಟಿಯಾಗಿರುತ್ತದೆ, ಹಲ್ಲಿಗೆ ಕೆಲಸ ಕೊಡುತ್ತದೆ. ನಮ್ಮ ಹಳ್ಳಿ ಕಡೆಯವರಿಗೆ ಅದೇ ಹಿಡಿಸುವುದು.

7. ಬೀದಿ ಬದಿಯ ನಾಲ್ಕು ಕಟ್ಟುನಿಟ್ಟು

ಕಣ್ಣೆದುರು ಕರಿದದ್ದನ್ನು, ಸುಟ್ಟದ್ದನ್ನು ಮಾತ್ರ ತಿನ್ನಿ. ಗಾಡಿಯಲ್ಲಿಟ್ಟ ಸಾಸಿನ ಡಬ್ಬಿಗೆ ಕಚ್ಚಿದ ಕಡ್ಡಿಯನ್ನು ಮತ್ತೆ ಅದ್ದಬೇಡಿ, ಸೌಟಿನಲ್ಲಿ ಹಾಕಿಸಿಕೊಳ್ಳಿ. ನಲ್ಲಿ ನೀರು ಬೇಡ, ಬಾಟಲಿ ಇರಲಿ. ಕೋಳಿಯ ಕರುಳು, ಕಿತ್ತಳೆ ಬಣ್ಣದ ಹಿಟ್ಟಿನಲ್ಲಿ ಮುಳುಗಿಸಿ ಕರಿದ ಕೌಜುಗನ ಮೊಟ್ಟೆ, ಒಳಗೆ ಮರಿ ಬೆಳೆದ ಬಾತುಮೊಟ್ಟೆ, ಎಲ್ಲವೂ ಒಂದೇ ಗಾಡಿಯ ಸುತ್ತಮುತ್ತ ಇರುತ್ತವೆ. ಶೌರ್ಯ ತೋರಿಸಲೆಂದು ತಿನ್ನಬೇಡಿ, ಮುಖ ಸಿಂಡರಿಸಲೂ ಬೇಡಿ. ಫೋನು ಹಿಡಿದು ವ್ಯಾಕ್ ಎನ್ನುತ್ತ ವಿಡಿಯೊ ಮಾಡುವವರನ್ನು ಅಲ್ಲಿನ ಜನ ಸಾಕಷ್ಟು ನೋಡಿದ್ದಾರೆ.

8. ಕಡಲ ತಿನಿಸಿಗೆ ಮುನ್ನ ಸುದ್ದಿ ಕೇಳಿ

ಇಲ್ಲಿ ಸಿಂಪಿ ಸೋವಿ, ಬುಟ್ಟಿಗಟ್ಟಲೆ ತಂದಿಡುತ್ತಾರೆ. ಹಬೆಯಲ್ಲಿ ಬೇಯಿಸಿದ್ದನ್ನೇ ತಿನ್ನಿ. ಹಸಿ ಮೀನನ್ನು ವಿನೆಗರಿನಲ್ಲಿ ಕಲಸುವ ಕಿನಿಲಾವ್ ಮಾರುಕಟ್ಟೆಗೆ ಹತ್ತಿರದ, ಮಧ್ಯಾಹ್ನದ ಹೊತ್ತಿನ ಅಂಗಡಿಯಲ್ಲಾದರೆ ಸರಿ. ಕೆಲವು ತಿಂಗಳು ಕಡಲಲ್ಲಿ ವಿಷಪಾಚಿ ಹೆಚ್ಚಿ ಚಿಪ್ಪುಜೀವಿಗಳು ಅಪಾಯಕಾರಿಯಾಗುತ್ತವೆ. ಯಾವ ನೀರಿನದು ಬೇಡ ಎಂದು ಸರ್ಕಾರದ ಮೀನುಗಾರಿಕೆ ಇಲಾಖೆ ಪ್ರಕಟಣೆ ಹೊರಡಿಸುತ್ತದೆ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಹೋಟೆಲಿನ ಸ್ವಾಗತದವರನ್ನು ಕೇಳಿದರೆ ಹೇಳುತ್ತಾರೆ.

9. ಗಾಜಿನ ಕಟ್ಟಡದ ರೆಸ್ಟೋರೆಂಟಿಗೆ ಕೊನೆಯ ದಿನ ಹೋಗಿ

ಮಂಡುರ್ಯಾವ್‌ನ ಹೊಸ ಪೇಟೆಯನ್ನು ಹಳಿಯುವ ಉದ್ದೇಶ ನನಗಿಲ್ಲ. ಕಾಲ್ ಸೆಂಟರಿನ ಪಾಳಿ ಮುಗಿಸಿ ಬರುವ ಹುಡುಗ ಹುಡುಗಿಯರಿಂದಾಗಿ ಅಲ್ಲಿ ಅಡುಗೆಮನೆಗಳು ಹೊತ್ತಲ್ಲದ ಹೊತ್ತಿನಲ್ಲೂ ತೆರೆದಿರುತ್ತವೆ. ಕೆಲವು ಬಾಣಸಿಗರು ಬಾತುವಾನ್, ಕಡ್ಯೋಸ್‌ಗಳನ್ನು ಹೊಸ ರೀತಿಯಲ್ಲಿ ಬಡಿಸುವ ಸಾಹಸವನ್ನೂ ಮಾಡುತ್ತಿದ್ದಾರೆ. ಅವರ ಕೈಚಳಕ ಗೊತ್ತಾಗಬೇಕಾದರೆ ಮೂಲದ ರುಚಿ ನಿಮ್ಮ ನಾಲಿಗೆಯಲ್ಲಿರಬೇಕು. ಆದ್ದರಿಂದಲೇ ಕೊನೆಯ ದಿನ. ಅಲ್ಲಿ ಕೂತಾಗ ಪಾಸ್ತಾ, ರಾಮೆನ್ ಕಡೆ ಕಣ್ಣು ಹಾಯಿಸದೆ, ಇಲೊಯಿಲೊದ ಸಾಮಗ್ರಿ ಇರುವ ಸಾಲು ಹುಡುಕಿ. ಅಂಥದೊಂದೂ ಇಲ್ಲದ ಮೆನು ಆದರೆ ನೀರು ಕುಡಿದು ಎದ್ದು ಬನ್ನಿ.

ಊಟವಾದ ಮೇಲೆ ನದಿ ದಂಡೆಯ ಎಸ್ಪ್ಲನೇಡಿನಲ್ಲಿ ನಡೆಯಿರಿ. ಕೊಳೆತು ನಾರುತ್ತಿದ್ದ ನದಿಯನ್ನು ಸರಿಪಡಿಸಿ ಮಾಡಿದ ದಾರಿ ಅದು. ಅರಗುವುದಕ್ಕೂ ಒಳ್ಳೆಯದು, ನಮ್ಮ ಊರಿನ ರಾಜಕಾಲುವೆಗಳನ್ನು ನೆನೆದು ಹೊಟ್ಟೆ ಉರಿಸಿಕೊಳ್ಳುವುದಕ್ಕೂ.

10. ಚಿಲ್ಲರೆ ನೋಟು, ಒಂದು ಪುಸ್ತಕ

ಒಂದು ಪೆಸೊ ಎಂದರೆ ಹೆಚ್ಚುಕಡಿಮೆ ಒಂದೂವರೆ ರೂಪಾಯಿ. ನಮ್ಮ ಯುಪಿಐಯಂತೆ ಅಲ್ಲಿ ಜಿಕ್ಯಾಶ್ ಎಲ್ಲ ಕಡೆ ಇದ್ದರೂ ನಾಲ್ಕು ದಿನದ ಪ್ರವಾಸಿಗೆ ಅದು ಒಗ್ಗುವುದಿಲ್ಲ. 20, 50, 100ರ ನೋಟುಗಳನ್ನು ಇಟ್ಟುಕೊಳ್ಳಿ, ಬೆಳಗ್ಗೆ ಬೆಳಗ್ಗೆ ಸಾವಿರದ ನೋಟು ಚಾಚಿದರೆ ತಾಹೊ ಮಾರುವವನು ತಲೆ ಕೆರೆದುಕೊಳ್ಳುತ್ತಾನೆ. ಹೊರಡುವ ಮುನ್ನ ಸಿಕ್ಕಿದರೆ ಡೊರೀನ್ ಫೆರ್ನಾಂಡೆಸ್ ಅವರ "ತಿಕಿಮ್" ಓದಿ. 1994ರ ಪುಸ್ತಕ. ಆಕೆ ಎದುರು ದ್ವೀಪದ ಸಿಲಾಯ್ ಊರಿನವರು, ಫಿಲಿಪೈನ್ಸಿನ ಊಟದ ಬಗ್ಗೆ ಅಷ್ಟು ತಿಳಿದು ಬರೆದವರು ಕಡಿಮೆ.

11. ಮಾವಿಗಾಗಿ ದೋಣಿ ಹತ್ತಿ

ಇಲೊಯಿಲೊದ ಧಕ್ಕೆಯಿಂದ ದೋಣಿ ಹತ್ತಿದರೆ ಕಾಲು ಗಂಟೆ ಇಪ್ಪತ್ತು ನಿಮಿಷಕ್ಕೆ ಗಿಮರಾಸ್ ದ್ವೀಪ. ಅಲ್ಲಿನ ಮಾವಿಗೆ ದೇಶದಲ್ಲೇ ಹೆಸರು. ಕೀಟ ಬಂದೀತೆಂಬ ಭಯಕ್ಕೆ ಹೊರಗಿನ ಮಾವಿನಹಣ್ಣನ್ನು ದ್ವೀಪದೊಳಗೆ ತರುವುದನ್ನೇ ನಿಷೇಧಿಸಿದ್ದಾರೆ, ನಿಮ್ಮ ಚೀಲದಲ್ಲಿ ಒಂದಿದ್ದರೂ ದೋಣಿ ಹತ್ತುವ ಮೊದಲೇ ತಿಂದು ಮುಗಿಸಿ. ಗಾಳಿ ಜೋರಾದ ದಿನ ಆ ಜಲಸಂಧಿ ದಾಟಬೇಡಿ.

ಆಪುಸು, ಬಾದಾಮಿ, ರಸಪುರಿ ತಿಂದು ಬೆಳೆದ ನಾಲಿಗೆಗೆ ಆ ಹಣ್ಣು ಏನು ಮಹಾ ಎನಿಸಬಹುದು. ನಾನು ನಮ್ಮ ಕಡೆಯವನೇ ಆದರೂ ತೀರ್ಪು ಹೇಳುತ್ತೇನೆ: ಪರಿಮಳದಲ್ಲಿ ಆಪುಸು ಮುಂದು, ನಾರಿಲ್ಲದ ನುಣುಪಿನಲ್ಲಿ, ನೇರ ಸಿಹಿಯಲ್ಲಿ ಗಿಮರಾಸ್ ಮುಂದು. ಭಾರತೀಯ ಪ್ರವಾಸಿಗಳಿಗೆ ಫಿಲಿಪೈನ್ಸ್ 2025ರಿಂದ 14 ದಿನಗಳ ಮಟ್ಟಿಗೆ ವೀಸಾ ಕೇಳುತ್ತಿಲ್ಲ. ನಿಯಮ ಬದಲಾಗುವುದುಂಟು, ಹೊರಡುವ ಮುಂಚೆ ರಾಯಭಾರ ಕಚೇರಿಯ ಪ್ರಕಟಣೆ ನೋಡಿಕೊಳ್ಳಿ. ಮನಿಲಾದಿಂದ ಇಲೊಯಿಲೊಗೆ ವಿಮಾನದಲ್ಲಿ ಒಂದೂಕಾಲು ಗಂಟೆ. ಗಿಮರಾಸಿನ ಮಾವು ಸುಗ್ಗಿ ಏಪ್ರಿಲ್, ಮೇ. ಟಿಕೆಟ್ ತೆಗೆಸುವುದಾದರೆ ಆ ಎರಡು ತಿಂಗಳಿಗೇ ತೆಗೆಸಿ.